ಕ್ಲಾಸೆಟ್ಟಿನೊಳಗಿನ ಮಳೆಗಾಲ

ಮೊನ್ನೆ ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ಇಸ್ತ್ರಿಪೆಟ್ಟಿಗೆ ಹುಡುಕುತ್ತಾ ಹಾಲಿನ ಪಕ್ಕದ ಕ್ಲಾಸೆಟ್ ಬಾಗಿಲು ತೆಗೆದಳು. ಮದುವೆಯಾಗಿ ಅವಳು ಆಸ್ಟಿನ್‌ಗೆ ಬಂದು ನಾಲ್ಕು ತಿಂಗಳು. ಆ ಕ್ಲಾಸೆಟ್ಟನ್ನು ಮೊದಲೂ ನೋಡಿದ್ದಳು, "ಏನೋ ಬ್ಯಾಚುಲರ್ ಕಾಲದ ಕಸ ಇರಬೇಕು" ಅಂತ ಸುಮ್ಮನಿದ್ದಳಂತೆ. ಅವತ್ತು ಮಾತ್ರ ನಿಂತು ಎಣಿಸಿದಳು. ಏಳು ಗ್ಯಾಲನ್ನಿನ ನೀಲಿ ಕ್ಯಾನು ಎರಡು. ಒಂದು ಗ್ಯಾಲನ್ನಿನವು ಹದಿನಾಲ್ಕು. ಮೇಲಿನ ಹಲಗೆಯಲ್ಲಿ ಡಬ್ಬಿಗಳು, ಬ್ಯಾಟರಿ, ಮೇಣದಬತ್ತಿ, ಕೈಯಲ್ಲಿ ತಿರುಗಿಸಿ ಚಾರ್ಜ್ ಮಾಡುವ ರೇಡಿಯೋ, ಅವಲಕ್ಕಿ ಪ್ಯಾಕೆಟ್ಟು ಆರು.

"ಏನಪ್ಪಾ ಇದು, ಮನೇನೋ ಗೋಡೌನೋ? ಯುದ್ಧ ಗಿದ್ಧ ಏನಾದ್ರೂ ಆಗುತ್ತೆ ಅಂತ ನಿಂಗೆ ಮೊದಲೇ ಗೊತ್ತಾ?"

ನಾನು ತಲೆ ಕೆರೆದುಕೊಂಡು ಲೆಕ್ಕ ಹೇಳಿದೆ. ಒಬ್ಬ ಮನುಷ್ಯನಿಗೆ ದಿನಕ್ಕೆ ಒಂದು ಗ್ಯಾಲನ್, ಅಂದ್ರೆ 3.8 ಲೀಟರ್ ನೀರು ಅಂತ ಇಲ್ಲಿನ ಸರ್ಕಾರವೇ ಹೇಳುತ್ತೆ. ಕುಡಿಯೋಕೆ, ಹಲ್ಲುಜ್ಜೋಕೆ, ಒಂದಿಷ್ಟು ಪಾತ್ರೆಗೆ. ಇಬ್ಬರಿಗೆ ಹದಿನಾಲ್ಕು ದಿನಕ್ಕೆ ಇಪ್ಪತ್ತೆಂಟು ಗ್ಯಾಲನ್. ಎರಡೇಳ್ಲಿ ಹದಿನಾಲ್ಕು, ಇನ್ನೊಂದು ಹದಿನಾಲ್ಕು, ಸರಿಯಾಯ್ತಲ್ಲ?

ಲೆಕ್ಕ ಸರಿ ಇದ್ದರೆ ಹೆಂಡತಿ ಒಪ್ಪುತ್ತಾಳೆ ಅಂತ ತಿಳಿದ ಮೊದಲ ಗಂಡ ನಾನೇನಲ್ಲ ಬಿಡಿ. "ಲೆಕ್ಕ ಕೇಳ್ಲಿಲ್ಲ, ಕಾರಣ ಕೇಳಿದೆ" ಅಂದಳು. ಇಸ್ತ್ರಿಪೆಟ್ಟಿಗೆ ಅಲ್ಲಿಗೇ ಬಿಟ್ಟು ಇಬ್ಬರೂ ಕಾಫಿ ಹಿಡಿದು ಕೂತೆವು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ಭಾಗ ಹೇಳುವಾಗ ಗಂಟಲು ಕಟ್ಟಿತ್ತು, ಅದನ್ನೂ ಬರೆಯುತ್ತೇನೆ.

2021ರ ಫೆಬ್ರವರಿ. ನಾನು ಎಂಎಸ್ ಮುಗಿಸಿ ಕೆಲಸಕ್ಕೆ ಸೇರಿ ಏಳೆಂಟು ತಿಂಗಳು. ಕೊರೋನಾ ಕಾಲವಾದ್ದರಿಂದ ಆಫೀಸಿನ ಮುಖ ಕೂಡ ನೋಡಿರಲಿಲ್ಲ. ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ನಾನು, ನನ್ನ ರೂಮ್‌ಮೇಟ್. ಅವನು ಮಂಡ್ಯದ ಕಡೆಯವನು, ಎಲ್ಲರೂ ಗೌಡ ಅಂತಲೇ ಕರೆಯೋದು, ಇಲ್ಲೂ ಅಷ್ಟೇ ಇರಲಿ. ಟೆಕ್ಸಾಸ್ ಅಂದ್ರೆ ಸೆಕೆಯ ಊರು. ಜಾಕೆಟ್ಟು ಅಂತ ನನ್ನ ಹತ್ತಿರ ಇದ್ದದ್ದು ಬೆಂಗಳೂರಲ್ಲಿ ಬೈಕಿಗೆ ಅಂತ ತಗೊಂಡದ್ದು ಒಂದೇ. ಚಳಿ ಬರುತ್ತದೆ, ಹಿಮ ಬೀಳುತ್ತದೆ ಅಂತ ವಾರದಿಂದ ಸುದ್ದಿ ಇತ್ತು. ಶನಿವಾರ ಅಂಗಡಿಗೆ ಹೋದರೆ ಬ್ರೆಡ್ಡಿನ ಶೆಲ್ಫು ಖಾಲಿ, ನೀರಿನ ಶೆಲ್ಫೂ ಖಾಲಿ. ನಾನು ನಕ್ಕು ಅದರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ, ಎರಡು ಚಿಪ್ಸ್ ಪ್ಯಾಕೆಟ್ ಹಿಡಿದು ಮನೆಗೆ ಬಂದೆ. ಮಲೆನಾಡಿನ ಮಳೆ ನೋಡಿದವನಿಗೆ ಇದೆಲ್ಲ ಯಾವ ಲೆಕ್ಕ ಅನ್ನೋ ಗತ್ತು!

ಭಾನುವಾರ ರಾತ್ರಿ ಹಿಮ ಬಿತ್ತು. ಚೆಂದವೇ ಇತ್ತು. ಬಾಲ್ಕನಿಯಲ್ಲಿ ನಿಂತು ಸೆಲ್ಫಿ ತೆಗೆದುಕೊಂಡೆವು. ಬೆಳಗಿನ ಜಾವ ಎರಡು ಗಂಟೆ ಸುಮಾರಿಗೆ ಹೀಟರಿನ ಗುಂಯ್ ಅನ್ನುವ ಸದ್ದು ನಿಂತಿತು. ಎಚ್ಚರವಾದದ್ದೇ ಆ ನಿಶ್ಶಬ್ದಕ್ಕೆ. ಇನ್ನೇನು ಬರುತ್ತೆ ಅಂತ ರಗ್ಗು ಎಳೆದುಕೊಂಡೆ. ಮತ್ತೆ ಕರೆಂಟು ಬಂದದ್ದು ಗುರುವಾರ ಸಂಜೆ.

ಯಾಕೆ ಹೋಯಿತು ಅನ್ನೋದು ಆಮೇಲೆ ಓದಿ ತಿಳಿದದ್ದು. ನಮ್ಮ ಕಸುಬಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಟೆಕ್ಸಾಸಿನ ಬಹುಪಾಲು ವಿದ್ಯುತ್ ಜಾಲ ದೇಶದ ಪೂರ್ವದ ಜಾಲಕ್ಕೂ ಪಶ್ಚಿಮದ ಜಾಲಕ್ಕೂ ಸೇರದೆ ಬೇರೆಯೇ ಇದೆ. ಹೊರಗಿಂದ ತರಿಸಿಕೊಳ್ಳಲು ಇರುವ ದಾರಿ ಬಹಳ ಕಿರಿದು. ಚಳಿಗೆ ಗ್ಯಾಸ್ ಬಾವಿಗಳು, ಪೈಪುಗಳು, ವಿದ್ಯುತ್ ಸ್ಥಾವರಗಳು ಹೆಪ್ಪುಗಟ್ಟಿದವು. ಎಲ್ಲರೂ ಹೀಟರ್ ಹಾಕಿದರು. ಬೇಡಿಕೆ ಏರಿತು, ಉತ್ಪಾದನೆ ಬಿತ್ತು. ಜಾಲ ಪೂರ್ತಿ ಮಲಗಬಾರದು ಅಂತ ಊರೂರಿಗೆ ಕರೆಂಟು ಕಡಿದರು. ಹಾಗೆ ಕಡಿದಾಗ ಗ್ಯಾಸ್ ಕಳಿಸುವ ಘಟಕಗಳ ಕರೆಂಟೂ ಕೆಲವು ಕಡೆ ಹೋಯಿತು! ಕರೆಂಟಿಲ್ಲದೆ ಗ್ಯಾಸಿಲ್ಲ, ಗ್ಯಾಸಿಲ್ಲದೆ ಕರೆಂಟಿಲ್ಲ. ಇಂಥಾದ್ದನ್ನು ನಾವು ಡೆಡ್‌ಲಾಕ್ ಅಂತೀವಿ. ಕೋಡ್ ರಿವ್ಯೂನಲ್ಲಿ ಸಿಕ್ಕರೆ ಜೂನಿಯರ್ ಹುಡುಗರಿಗೆ ಬೈತೀವಿ. ಆ ಸೋಮವಾರ ಬೆಳಗಿನ ಜಾವ ಇಡೀ ಜಾಲ ಕುಸಿಯೋಕೆ ಉಳಿದಿದ್ದದ್ದು ನಾಲ್ಕು ನಿಮಿಷ ಮೂವತ್ತೇಳು ಸೆಕೆಂಡು ಅಂತ ಅದನ್ನು ನಡೆಸುವ ಸಂಸ್ಥೆಯೇ ಆಮೇಲೆ ಹೇಳಿತು. ಕುಸಿದಿದ್ದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಕತ್ತಲೆ ಆಗಬಹುದಿತ್ತಂತೆ. ನಾನಾಗ ರಗ್ಗಿನೊಳಗೆ ಕಾಲು ಮಡಚಿಕೊಳ್ಳುತ್ತಿದ್ದೆ. ನಲವತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟಿರಲಿಲ್ಲ. ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲೇ ಸತ್ತವರು 246, ಹೆಚ್ಚಿನವರು ಚಳಿಗೆ.

ನಮ್ಮ ಮನೆ ಮಂಗಳವಾರದ ಹೊತ್ತಿಗೆ ಫ್ರಿಜ್ಜಿನಂತೆ ಆಗಿತ್ತು. ಹೊರಗೆ ಮೈನಸ್ ಹದಿಮೂರರ ಆಸುಪಾಸು. ಇಬ್ಬರೂ ಒಂದೇ ರೂಮಿಗೆ ಬಂದು, ಕಿಟಕಿಗೆ ಬೆಡ್‌ಶೀಟು ಹೊಡೆದು, ಇದ್ದಬದ್ದ ಬಟ್ಟೆಯೆಲ್ಲ ಹಾಕಿಕೊಂಡು ಕೂತೆವು.

ಈಗ ಅಡುಗೆಮನೆಗೆ ಬನ್ನಿ. ನಮ್ಮ ಮನೆಯಲ್ಲಿ ಆಹಾರಕ್ಕೆ ಬರವೇ ಇರಲಿಲ್ಲ ಸ್ವಾಮಿ! ಇಪ್ಪತ್ತು ಪೌಂಡ್ ಸೋನಾಮಸೂರಿ ಅಕ್ಕಿ, ನಾಲ್ಕು ಪೌಂಡ್ ತೊಗರಿಬೇಳೆ, ರವೆ, ಗೋಧಿಹಿಟ್ಟು, ಉದ್ದು, ಕಡಲೆ. ಭಾರತೀಯರ ಮನೆಯಲ್ಲಿ ಯಾವಾಗಲೂ ಎರಡು ತಿಂಗಳ ದಾಸ್ತಾನು ಇದ್ದೇ ಇರುತ್ತೆ ಅಂತ ನಾನೂ ಬೀಗಿದ್ದೆ. ಆದರೆ ಅಷ್ಟರಲ್ಲಿ ಒಂದನ್ನೂ ಬೆಂಕಿ ಇಲ್ಲದೆ, ನೀರಿಲ್ಲದೆ ತಿನ್ನಲಿಕ್ಕಾಗೋದಿಲ್ಲ. ನಮ್ಮದು ಕರೆಂಟಿನ ಒಲೆ. ಒಂದು ರೆಡಿ ಟು ಈಟ್ ಬಿಸಿಬೇಳೆ ಬಾತ್ ಪ್ಯಾಕೆಟ್ಟಿತ್ತು. ಕತ್ತರಿಸಿ ಹಾಗೇ ತಿಂದೆವು. ಅದು ತಣ್ಣಬೇಳೆ ಬಾತ್ ಆಗಿತ್ತು, ತುಪ್ಪ ಮೇಣದ ಹಾಗೆ ಬಾಯಿಯ ಮೇಲ್ಭಾಗಕ್ಕೆ ಅಂಟಿ ಸಂಜೆವರೆಗೆ ಹೋಗಲಿಲ್ಲ.

ನಮ್ಮನ್ನು ಉಳಿಸಿದ್ದು ಎರಡು. ಒಂದು, ನನ್ನ ಅವಲಕ್ಕಿ. ನೆನೆಸಿ, ಉಪ್ಪಿನಕಾಯಿ ಕಲಸಿದರೆ ಊಟ, ಸಕ್ಕರೆ ಹಾಕಿದರೆ ತಿಂಡಿ. ಎರಡು, ಗೌಡನ ಅವ್ವ ಕಳಿಸಿದ್ದ ರಾಗಿ ಹುರಿಹಿಟ್ಟು. ವರ್ಷದಿಂದ ಆ ಡಬ್ಬಿಯನ್ನು ನೋಡಿ ನಾನು ತಮಾಷೆ ಮಾಡುತ್ತಿದ್ದೆ. ಹುರಿದೇ ಬೀಸಿದ ಹಿಟ್ಟು. ನೀರು, ಬೆಲ್ಲ ಸೇರಿಸಿ ಉಂಡೆ ಕಟ್ಟಿದರೆ ಆಯ್ತು. ದಾರಿ ನಡೆಯುವವರು, ಹೊಲಕ್ಕೆ ಹೋಗುವವರು ಕಟ್ಟಿಕೊಂಡು ಹೋಗುತ್ತಿದ್ದ ತಿಂಡಿ. ಮಂಗಳವಾರ ರಾತ್ರಿ ನಾನೇ ಕೈಚಾಚಿದಾಗ ಗೌಡ ಅಂದ: "ಈಗ ಬೇಕಾಯ್ತಾ ನಮ್ಮವ್ವನ ಇಟ್ಟು? ತಿನ್ನು ತಿನ್ನು, ನಾಚ್ಕೆ ಯಾಕ್ಲಾ."

ಫೋನ್ ಚಾರ್ಜು ಮಾಡೋಕೆ ಹೊರಗೆ ಬಯಲಲ್ಲಿ ನಿಂತಿದ್ದ ಕಾರಿಗೆ ಹೋಗಬೇಕು. (ಬಯಲು ಅಂತ ಒತ್ತಿ ಹೇಳ್ತಿದ್ದೀನಿ. ಗ್ಯಾರೇಜಿನೊಳಗೆ ಕಾರು ಚಾಲೂ ಮಾಡಿ, ಮನೆಯೊಳಗೆ ಇದ್ದಿಲ ಗ್ರಿಲ್ ಹಚ್ಚಿ, ಕಾರ್ಬನ್ ಮಾನಾಕ್ಸೈಡಿಗೆ ಸತ್ತವರು ಆ ವಾರ ಹತ್ತಕ್ಕೂ ಹೆಚ್ಚು ಜನ. ಅದಕ್ಕೆ ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗುತ್ತೆ, ಅಷ್ಟೆ.) ಕಾರಿನಲ್ಲಿ ಕೂತು ಊರಿಗೆ ಫೋನ್ ಮಾಡಿದೆ. ನಮ್ಮೂರು ತೀರ್ಥಹಳ್ಳಿ ಹತ್ತಿರ.

"ಊಟ ಆಯ್ತನಾ?" ಅಂದರು ಅಮ್ಮ.

"ಆಯ್ತು. ಅವಲಕ್ಕಿ. ಇಲ್ಲಿ ಸ್ವಲ್ಪ ಕರೆಂಟು ಹೋಗಿದೆ."

"ಅಮೆರಿಕದಲ್ಲಿ ಕರೆಂಟು ಹೋಗ್ತದಾ!" ಅಮ್ಮನ ದನಿಯಲ್ಲಿ ಗಾಬರಿಗಿಂತ ಆಶ್ಚರ್ಯವೇ ಜಾಸ್ತಿ ಇತ್ತು. ಆಮೇಲೆ, "ಕಟ್ಟಿಗೆ ಒಲೆ ಇಲ್ಲನಾ? ನೀರು ತುಂಬಿಸಿ ಇಟ್ಕೊಂಡಿದ್ಯ?"

ತುಂಬಿಸಿದ್ದೇನೆ ಅಂದೆ. ತುಂಬಿಸಿರಲಿಲ್ಲ.

ಅಮ್ಮನ ಪ್ರಶ್ನೆ ಎಲ್ಲಿಂದ ಬಂತು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಬೇಸಿಗೆ ಅಂದ್ರೆ ಮಳೆಗಾಲಕ್ಕೆ ತಯಾರಿ ಮಾಡೋ ಕಾಲ. ಏಪ್ರಿಲ್‌ನಿಂದ ಅಂಗಳದ ತುಂಬ ಹಲಸಿನ ಹಪ್ಪಳ, ಕಾಗೆ ಓಡಿಸೋಕೆ ಕೋಲು ಹಿಡಿದು ಕೂರೋದು ನನ್ನ ಕೆಲಸ. ಬೆಳೆದ ಹಲಸಿನಕಾಯಿ ಸೊಳೆ ಬಿಡಿಸಿ ಉಪ್ಪಿನಲ್ಲಿ ಹಾಕಿದ ಭರಣಿ, ಮಿಡಿ ಮಾವಿನಕಾಯಿ ಹಾಕಿದ ಭರಣಿ. ಸಾಂಬಾರ್ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ಸಾಲಾಗಿ ತೂಗುಬಿಡುತ್ತಿದ್ದರು. ಒಂದಕ್ಕೊಂದು ತಾಗದ ಹಾಗೆ ಕಟ್ಟಿದರೆ ತಿಂಗಳುಗಟ್ಟಲೆ ಕೊಳೆಯೋದಿಲ್ಲ. ಕೊಟ್ಟಿಗೆಯ ಪಕ್ಕ ಸೂರಿನವರೆಗೆ ಒಟ್ಟಿದ ಕಟ್ಟಿಗೆ. ಸೀಮೆಎಣ್ಣೆ. ಬೆಂಕಿಪೊಟ್ಟಣ ಥಂಡಿ ಹಿಡಿಯಬಾರದು ಅಂತ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯೊಳಗೆ. ಜೂನ್‌ನಲ್ಲಿ ಮಳೆ ಹಿಡಿದರೆ ಕರೆಂಟು ವಾರಗಟ್ಟಲೆ ಇಲ್ಲ, ಮರ ಬಿದ್ದು ರಸ್ತೆಯೂ ಇಲ್ಲ, ಯಾರೂ ಅದನ್ನು ಆಪತ್ತು ಅಂತಿರಲಿಲ್ಲ. ಮಳೆಗಾಲ ಅಂತಿದ್ದರು ಅಷ್ಟೆ.

ಹಾಗಂತ "ನಮ್ಮ ಹಿರಿಯರು ಎಲ್ಲ ಬಲ್ಲವರಾಗಿದ್ದರು" ಅಂತ ನಾನು ಬರೆಯೋಕೆ ಹೊರಟಿಲ್ಲ. ಮಳೆಗಾಲ ಪಂಚಾಂಗ ನೋಡಿಕೊಂಡು ಬರುತ್ತೆ, ಅಜ್ಜಿಗೆ ಅದರ ಗುರುತಿತ್ತು. ಟೆಕ್ಸಾಸಿನವರಿಗೆ ಈ ಚಳಿಯ ಗುರುತಿರಲಿಲ್ಲ. ಗುರುತಿಲ್ಲದ್ದಕ್ಕೆ ತಯಾರಾಗೋದು ಬೇರೆಯೇ ಕೆಲಸ.

ಇನ್ನು ನೀರಿನ ಕಥೆ. ಬಾತ್‌ಟಬ್ ತುಂಬಿಸಿಕೋ, ನಲ್ಲಿ ಸಣ್ಣಗೆ ಹರಿಯಲು ಬಿಡು, ಪೈಪು ಒಡೆಯೋದಿಲ್ಲ ಅಂತ ಟೀಮಿನ ಹಳೇ ಟೆಕ್ಸನ್ ಒಬ್ಬ ಶುಕ್ರವಾರವೇ ಮೆಸೇಜು ಹಾಕಿದ್ದ. ನಾವು ನೆನಪು ಮಾಡಿಕೊಂಡದ್ದು ಮಂಗಳವಾರ ರಾತ್ರಿ, ನಲ್ಲಿಯಲ್ಲಿ ನೀರು ದಾರದಷ್ಟು ಬರುವಾಗ. ಎರಡು ಗಂಟೆ ಕಾದು ಟಬ್ಬು ಅರ್ಧ ತುಂಬಿಸಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಟಬ್ಬು ಖಾಲಿ! ಅಡಿಯ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಎಲ್ಲ ಮೆಲ್ಲಗೆ ಸೋರಿಹೋಗಿತ್ತು. ಗೌಡ ಟಬ್ಬಿನ ಅಂಚಿನ ಮೇಲೆ ಕೂತು ಐದು ನಿಮಿಷ ನಕ್ಕ. ನನಗೆ ನಗು ಬರಲಿಲ್ಲ. ಬುಧವಾರ ನಲ್ಲಿ ಪೂರ್ತಿ ನಿಂತಿತು. ರಾತ್ರಿ ಇಡೀ ಆಸ್ಟಿನ್‌ಗೆ ನೀರು ಕುದಿಸಿ ಕುಡಿಯಿರಿ ಅಂತ ಆದೇಶ ಬಂತು. ಕುದಿಸೋಕೆ ನೀರೂ ಇಲ್ಲ, ಒಲೆಯೂ ಇಲ್ಲ.

ಬಾಲ್ಕನಿಯ ಹಿಮವನ್ನು ಕುಕ್ಕರಿಗೆ ಒತ್ತಿ ಒತ್ತಿ ತುಂಬಿಸಿಟ್ಟರೆ, ಅರ್ಧ ದಿನ ಕರಗಿದ ಮೇಲೆ ತಳದಲ್ಲಿ ನಾಲ್ಕು ಬೆರಳು ನೀರು. ಇಲ್ಲಿನ ಒಂದು ಫ್ಲಶ್‌ಗೆ ಆರು ಲೀಟರ್ ಬೇಕು, ಅಂದ್ರೆ ಒಬ್ಬನ ಒಂದೂವರೆ ದಿನದ ನೀರು. ಇಂಥಾ ಲೆಕ್ಕಗಳನ್ನು ಇಂಜಿನಿಯರಿಂಗ್‌ನಲ್ಲಿ ಯಾರೂ ಹೇಳಿಕೊಡಲಿಲ್ಲ.

ನಮ್ಮ ಹತ್ತಿರ ಕುಡಿಯುವ ನೀರು ಅಂತ ಉಳಿದದ್ದು, ನಲ್ಲಿ ನೀರಿನ ರುಚಿ ಸೇರೋದಿಲ್ಲ ಅಂತ ಗೌಡ ತಂದಿಟ್ಟಿದ್ದ ಅರ್ಧ ಲೀಟರಿನ ಬಾಟಲಿಗಳು. ಹದಿನೆಂಟು ಇದ್ದವು. ನಾನೇ ಎಣಿಸಿ ಕ್ಲಾಸೆಟ್ಟಿನಲ್ಲಿ ಇಟ್ಟಿದ್ದೆ.

ಗುರುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಹೆಂಗಸು. ಮೆಟ್ಟಿಲಲ್ಲಿ ಎದುರಾದರೆ ಹಾಯ್ ಅನ್ನುವಷ್ಟೇ ಪರಿಚಯ. ಮಾಸ್ಕು ಹಾಕಿ, ನಾಲ್ಕು ಹೆಜ್ಜೆ ದೂರ ನಿಂತಿದ್ದಳು. ಕೈಯಲ್ಲಿ ಮಗುವಿನ ಹಾಲಿನ ಬಾಟಲಿ. ಪುಡಿ ಇದೆ, ಕಲಸೋಕೆ ನೀರಿಲ್ಲ, ಏನಾದರೂ ಇದೆಯಾ ಅಂದಳು. ಗಂಡ ನೀರು ಹುಡುಕಿಕೊಂಡು ಹೋಗಿ ಎರಡು ಗಂಟೆಯಾಯಿತು, ರಸ್ತೆಯೆಲ್ಲ ಐಸು, ಫೋನು ತಾಗುತ್ತಿಲ್ಲ ಅಂದಳು.

ನಾನು ಒಳಗೆ ಹೋಗಿ ಎರಡು ಬಾಟಲಿ ತಂದುಕೊಟ್ಟೆ. ಕೊಟ್ಟು, "ನಮ್ಮ ಹತ್ತಿರ ಇರೋದು ಇಷ್ಟೇ, ಸಾರಿ" ಅಂದೆ.

ಯಾಕೆ ಹಾಗಂದೆ? ಇವತ್ತಿಗೂ ಬೇರೆ ಬೇರೆ ಉತ್ತರ ಕೊಟ್ಟುಕೊಳ್ಳುತ್ತೇನೆ. ನೀರು ಯಾವಾಗ ಬರುತ್ತೋ ಗೊತ್ತಿರಲಿಲ್ಲ. ಇವಳಿಗೆ ಕೊಟ್ಟರೆ ಇಡೀ ಬಿಲ್ಡಿಂಗು ಬಂದರೆ ಅನ್ನಿಸಿತು. ಮೂರು ರಾತ್ರಿ ನಿದ್ದೆ ಇರಲಿಲ್ಲ. ಎಲ್ಲ ನಿಜವೇ. ಆದರೆ ಸುಳ್ಳು ಹೇಳೋಕೆ ನಾನು ಒಂದು ಕ್ಷಣವೂ ಯೋಚಿಸಲಿಲ್ಲ ಅನ್ನೋದೂ ನಿಜ. ಬಾಯಿಗೆ ತಾನೇ ಬಂತು. ಅವಳು ಎರಡು ಸಲ ಥ್ಯಾಂಕ್ಸ್ ಹೇಳಿ ಇಳಿದುಹೋದಳು. ತಿರುಗಿ ನೋಡಿದರೆ ಗೌಡ ರಗ್ಗು ಹೊದ್ದುಕೊಂಡು ರೂಮಿನ ಬಾಗಿಲಲ್ಲಿ ನಿಂತಿದ್ದ. ಏನೂ ಅನ್ನಲಿಲ್ಲ.

ಸಂಜೆ ಕರೆಂಟು ಬಂತು. ಹೀಟರ್ ಮುಂದೆ ಕೂತು ಇಬ್ಬರೂ ಮಕ್ಕಳ ಹಾಗೆ ಕಿರುಚಿದೆವು. ರಾತ್ರಿ ಕುಡಿಯೋಕೆ ಅಂತ ಕ್ಲಾಸೆಟ್ ತೆಗೆದರೆ ಬಾಟಲಿ ಎಂಟೇ ಇವೆ. ಹದಿನಾರು ಇರಬೇಕಿತ್ತು. ಕೇಳಲಿಲ್ಲ ನಾನು.

ಮಾರನೇ ದಿನ ಆ ಹೆಂಗಸು ಮತ್ತೆ ಬಂದಳು, ಈ ಸಲ ಗಂಡನ ಜೊತೆ. ಅವನು ಹಿಂದಿನ ರಾತ್ರಿ ಬರಿಗೈಲಿ ವಾಪಸ್ ಬಂದಿದ್ದನಂತೆ. ಬಾಗಿಲ ಬಳಿ ಎಂಟು ಬಾಟಲಿ ಯಾರೋ ಇಟ್ಟು ಹೋಗಿದ್ದರಂತೆ. "ನೀವೇ ಅಂತ ಗೊತ್ತಾಯಿತು. ನಿಮಗೇ ಇಲ್ಲದಿದ್ದರೂ ಎಲ್ಲಿಂದಲೋ ಹೊಂದಿಸಿ ತಂದಿದ್ದೀರಿ" ಅಂದಳು. ಅವಳ ಕಣ್ಣು ತುಂಬಿತ್ತು. ನಾನು ಪರವಾಗಿಲ್ಲ ಅಂದೆ. ಗೌಡ ಹಿಂದೆ ಒಲೆಯ ಮುಂದೆ ನಿಂತು ಟೀಗೆ ಶುಂಠಿ ಜಜ್ಜುತ್ತಿದ್ದ. ಜಜ್ಜೋದು ನಿಲ್ಲಿಸಲೂ ಇಲ್ಲ, ತಿರುಗಲೂ ಇಲ್ಲ.

ನೀರು ಕುದಿಸುವ ಆದೇಶ 23ನೇ ತಾರೀಕು ಹೋಯಿತು. ನಮ್ಮ ಎಂಟು ಬಾಟಲಿಯಲ್ಲಿ ಮೂರು ಕೊನೆಗೂ ಹಾಗೇ ಉಳಿದವು.

ಆಮೇಲೆ ಶುರುವಾಯಿತು ನನ್ನ ಖರೀದಿ. ಮೊದಮೊದಲು ಹುಚ್ಚಿನ ಹಾಗೆ. ಇಪ್ಪತ್ತೈದು ವರ್ಷ ಕೆಡೋದಿಲ್ಲ ಅನ್ನುವ ಒಣ ಊಟದ ಬಕೆಟ್ ಒಂದು ತಂದೆ. ಅದನ್ನು ಮಾಡೋಕೂ ಬಿಸಿನೀರು ಬೇಕು ಅಂತ ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು. ಒಂದು ಪೊಟ್ಟಣ ರುಚಿ ನೋಡಿದೆ, ಇಪ್ಪತ್ತೈದು ವರ್ಷ ಅದನ್ನು ಯಾರೂ ಮುಟ್ಟೋದಿಲ್ಲ ಅನ್ನೋದು ಮಾತ್ರ ಸತ್ಯ. ಡಬ್ಬಿಯಲ್ಲಿ ಬರುವ ರಾಜ್ಮಾ, ಕಡಲೆ, ಟೊಮ್ಯಾಟೊ ತಂದೆ, ಡಬ್ಬಿ ಓಪನರ್ ತರಲಿಲ್ಲ. ಚಾಕುವಿನಲ್ಲಿ ತೆಗೆಯಹೋಗಿ ಹೆಬ್ಬೆರಳು ಕೊಯ್ದುಕೊಂಡೆ. ಅಕ್ಕಿಯನ್ನು ಐವತ್ತು ಪೌಂಡ್ ತಂದು ಹುಳ ಬಿದ್ದು ಎಸೆದೆ. ಯೂಟ್ಯೂಬಿನಲ್ಲಿ ಇದಕ್ಕೇ ಅಂತ ಒಂದು ಲೋಕವೇ ಇದೆ. ನೆಲಮಾಳಿಗೆ, ಸಾವಿರ ಡಬ್ಬಿ, ಅದನ್ನು ಕಾಯೋಕೆ ಬಂದೂಕು. ಯಾರಿಂದ ಕಾಯಬೇಕು? ಪಕ್ಕದ ಮನೆಯವರಿಂದ! ಎರಡು ವಿಡಿಯೋ ನೋಡಿ ಬಿಟ್ಟೆ. ಆ ಬಾಗಿಲಲ್ಲಿ ನಾನು ಒಮ್ಮೆ ನಿಂತವನೇ ತಾನೆ.

ಈಗ ಸ್ವಲ್ಪ ಬುದ್ಧಿ ಬಂದಿದೆ. ದಿನಾ ತಿನ್ನೋದನ್ನೇ ಇಡೋದು, ಹಳೇದು ಮುಂದೆ, ಹೊಸದು ಹಿಂದೆ. ನಮ್ಮ ಭಾಷೆಯಲ್ಲಿ ಫಿಫೋ ಕ್ಯೂ. ಅವಲಕ್ಕಿ, ಹುರಿಹಿಟ್ಟು, ಕಡಲೆಬೀಜ, ಬೆಲ್ಲ, ಚಟ್ನಿಪುಡಿ, ಹಾಗೇ ತಿನ್ನಬಹುದಾದ ಡಬ್ಬಿ ಕಾಳು. ಒಂದು ಸಣ್ಣ ಬ್ಯೂಟೇನ್ ಒಲೆ, ಬಾಲ್ಕನಿಯಲ್ಲಿ ಮಾತ್ರ ಹಚ್ಚೋಕೆ; ಜೊತೆಗೆ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ. ವಾಸನೆ, ಬಣ್ಣ ಸೇರಿಸದ ಬ್ಲೀಚು. ಶೇಕಡಾ ಆರರದ್ದಾದರೆ ಒಂದು ಗ್ಯಾಲನ್ ತಿಳಿನೀರಿಗೆ ಎಂಟು ಹನಿ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಬಹುದು. ಸಣ್ಣ ನೋಟುಗಳಲ್ಲಿ ಇನ್ನೂರು ಡಾಲರ್, ಕರೆಂಟಿಲ್ಲದಿದ್ದರೆ ಕಾರ್ಡು ಉಜ್ಜೋರು ಯಾರು? ಜಿಪ್ ಕವರಿನಲ್ಲಿ ಪಾಸ್‌ಪೋರ್ಟು, ಐ-797. ಪ್ರಳಯವೇ ಆದರೂ ಹೆಚ್-1ಬಿಯವನಿಗೆ ಕಾಗದಪತ್ರ ಬೇಕಲ್ಲವೇ!

2023ರ ಫೆಬ್ರವರಿಯಲ್ಲಿ ಐಸ್ ಮಳೆಗೆ ಆಸ್ಟಿನ್‌ನ ಮರಗಳೆಲ್ಲ ಮುರಿದು ತಂತಿಗಳ ಮೇಲೆ ಬಿದ್ದಾಗ ನಮ್ಮ ಮನೆಗೆ ಎರಡು ದಿನ ಕರೆಂಟಿರಲಿಲ್ಲ. ಆಗ ಇವೆಲ್ಲ ಕೆಲಸಕ್ಕೆ ಬಂದವು. ಯಾರೂ ಬಾಗಿಲು ಬಡಿಯಲಿಲ್ಲ. ಬಡಿಯಲಿ ಅಂತ ಕಾಯುತ್ತಿದ್ದೆ ಅಂದರೆ ನಗ್ತೀರೇನೋ.

ಗೌಡ ಈಗ ಹ್ಯೂಸ್ಟನ್‌ನಲ್ಲಿದ್ದಾನೆ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದು ಆ ಕಡೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಹೋದಾಗ ಫೋನ್ ಮಾಡಿದೆ. ಈ ಸಲ ಚಳಿಯಲ್ಲ, ಸೆಕೆ. "ಇಟ್ಟು ಐತೆ, ನೀರೈತೆ, ಬೆವರು ಬೇಜಾನ್ ಐತೆ, ಇನ್ನೇನ್ ಬೇಕ್ಲಾ" ಅಂದ. ಮಾತಿನ ಕೊನೆಗೆ ಧೈರ್ಯ ಮಾಡಿ, "ಅವತ್ತು ಆ ಕೆಳಗಿನ ಮನೆಯವರಿಗೆ ನೀರು..." ಅಂದೆ.

"ಯಾವ್ ನೀರ್ಲಾ?" ಅಂದ. ನಿಜವಾಗಲೂ ಮರೆತಿದ್ದನೋ, ಸುಮ್ಮನೆ ಅಂದನೋ, ಅವನ ದನಿಯಲ್ಲಿ ಗೊತ್ತಾಗೋದಿಲ್ಲ. ಆಮೇಲೆ ಚಾರ್ಜು ಕಮ್ಮಿ ಐತೆ ಅಂತ ಇಟ್ಟುಬಿಟ್ಟ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಕಾಫಿ ಆರಿಹೋಗಿತ್ತು. ಹೆಂಡತಿ ಏನಾದರೂ ಅನ್ನುತ್ತಾಳೆ ಅಂತ ಕಾದೆ. ಅವಳು ಎದ್ದು ಹೋಗಿ ಕ್ಲಾಸೆಟ್ಟಿನ ಮುಂದೆ ಕೂತು ಅವಲಕ್ಕಿ ಪ್ಯಾಕೆಟ್ಟುಗಳ ತಾರೀಕು ನೋಡತೊಡಗಿದಳು. ಎರಡು ಅವಧಿ ಮುಗಿದಿದ್ದವು. "ಫಿಫೋ ಅಂತೆ ಫಿಫೋ!" ಅಂತ ನನ್ನ ಕಡೆ ಎಸೆದಳು. ಒಗ್ಗರಣೆ ಹಾಕಿ ಅದನ್ನೇ ಮಧ್ಯಾಹ್ನ ತಿಂದೆವು. ಆಮೇಲೆ ಅಂಗಡಿಗೆ ಹೋಗಿ ಇನ್ನೂ ನಾಲ್ಕು ಗ್ಯಾಲನ್ ತಂದಳು, ಲೆಕ್ಕಕ್ಕೆ ಇಪ್ಪತ್ತೆಂಟೇ ಸಾಕು ಅಂತ ನಾನು ಹೇಳಿದರೂ.

ಇಸ್ತ್ರಿಪೆಟ್ಟಿಗೆ ಮಾತ್ರ ಇನ್ನೂ ಸಿಕ್ಕಿಲ್ಲ.